ಹನ್ನೊಂದು ಹಡಗು, ಒಂದು ಉಗ್ರಾಣ

ಶ್ರೀರಂಗಪಟ್ಟಣದ ಕಥೆ ಓದಿದವರಿಗೆಲ್ಲ ಲಾರ್ಡ್ ಕಾರ್ನ್‌ವಾಲಿಸ್ ಗೊತ್ತು. 1792ರಲ್ಲಿ ಕೋಟೆಗೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದು, ಅರ್ಧ ರಾಜ್ಯ ಬರೆಸಿಕೊಂಡವನು. ಅದೇ ಮನುಷ್ಯ ಹನ್ನೊಂದು ವರ್ಷ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೇನೆ ಸಮೇತ ಶರಣಾಗಿದ್ದ. ಆ ಯುದ್ಧದಲ್ಲಿ ಇಂಗ್ಲೆಂಡು ಕಳೆದುಕೊಂಡದ್ದರ ಪಟ್ಟಿ ಮಾಡಿದರೆ ಅದರಲ್ಲಿ ಒಂದು ವಿಚಿತ್ರ ಬಾಬ್ತು ಬರುತ್ತದೆ. ತನ್ನ ಕೈದಿಗಳನ್ನು ಸಾಗಹಾಕುವ ಜಾಗವೇ ಅದರ ಕೈತಪ್ಪಿತು. ಸಿಡ್ನಿ ಎಂಬ ಊರು ಹುಟ್ಟಿದ್ದು ಈ ನಷ್ಟದಿಂದ.

ಕ್ರಿಕೆಟ್ ಪಂದ್ಯದ ಮಾರನೆಯ ದಿನ ತರಗತಿಯಲ್ಲಿ ಒಬ್ಬನಾದರೂ ಕೇಳುತ್ತಾನೆ: "ಸಾರ್, ಆಸ್ಟ್ರೇಲಿಯಾದವರೆಲ್ಲ ಕಳ್ಳರ ಮೊಮ್ಮಕ್ಕಳಂತೆ, ಹೌದಾ?" ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ಈ ವಿಷಯಕ್ಕೆ ತೀರಾ ಹೊಸಬರಾದವರಿಗಾಗಿ ಬರೆದದ್ದು ಇದು. ಬಲ್ಲವರು ಪುಟ ಮಗುಚಬಹುದು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮರಣದಂಡನೆಗೆ ಅರ್ಹವಾದ ಅಪರಾಧಗಳು 200ಕ್ಕೂ ಹೆಚ್ಚಿದ್ದವು. ಕೊಲೆಗೂ ನೇಣು, ಕುರಿ ಕದ್ದರೂ ನೇಣು. ಮನೆಯೊಳಗಿಂದ 40 ಶಿಲ್ಲಿಂಗ್ ಬೆಲೆಯ ವಸ್ತು ಕದ್ದರೂ ನೇಣು. ಕಾನೂನು ಇಷ್ಟು ಕ್ರೂರವಾದಾಗ ಅದನ್ನು ನಡೆಸುವವರೇ ಹಿಂಜರಿಯುತ್ತಾರೆ. ಕದ್ದ ಮಾಲಿನ ಬೆಲೆ ಎಷ್ಟೇ ಇರಲಿ, ಜ್ಯೂರಿಯವರು 39 ಶಿಲ್ಲಿಂಗ್ ಎಂದು ಹೇಳಿ ಜೀವ ಉಳಿಸಿದ ಪ್ರಸಂಗಗಳು ಬೇಕಾದಷ್ಟಿವೆ. ನೇಣಿಗೂ ಬಿಡುಗಡೆಗೂ ನಡುವೆ ಒಂದು ಶಿಕ್ಷೆ ಬೇಕಿತ್ತು. ಅದು ಸಮುದ್ರದಾಚೆಗೆ ಗಡಿಪಾರು: ಏಳು ವರ್ಷ, ಹದಿನಾಲ್ಕು ವರ್ಷ, ಇಲ್ಲವೇ ಜೀವಾವಧಿ. 1718ರ ಒಂದು ಕಾಯಿದೆ ಇದಕ್ಕೆ ಗಟ್ಟಿ ರೂಪ ಕೊಟ್ಟಿತು. ಅಲ್ಲಿಂದ 1775ರವರೆಗೆ ಸುಮಾರು 50,000 ಕೈದಿಗಳು ಅಮೆರಿಕದ ವಸಾಹತುಗಳಿಗೆ, ಹೆಚ್ಚಾಗಿ ಮೇರಿಲ್ಯಾಂಡ್ ಮತ್ತು ವರ್ಜೀನಿಯಾಕ್ಕೆ ಹೋದರು. ಗುತ್ತಿಗೆದಾರನು ಕೈದಿಗಳನ್ನು ಹಡಗಿಗೆ ತುಂಬಿ, ಆಚೆ ದಡದಲ್ಲಿ ಅವರ ದುಡಿಮೆಯನ್ನು ತಂಬಾಕು ಬೆಳೆಯುವವರಿಗೆ ಮಾರುತ್ತಿದ್ದ. ಸರ್ಕಾರಕ್ಕೆ ಖರ್ಚು ಕಡಿಮೆ, ತಲೆನೋವು ಇನ್ನೂ ಕಡಿಮೆ.

ಈ ಶಿಕ್ಷೆ ನಮಗೆ ಅಪರಿಚಿತವಲ್ಲ. ನಮ್ಮ ಹಿರಿಯರು ಇದನ್ನು ಕರಿನೀರು ಎಂದರು. ಆದರೆ ಅಂಡಮಾನಿನ ಪೋರ್ಟ್ ಬ್ಲೇರಿಗೆ 200 ಕೈದಿಗಳ ಮೊದಲ ತಂಡ ಇಳಿದದ್ದು 1858ರ ಮಾರ್ಚ್‌ನಲ್ಲಿ. ನಾನು ಹೇಳುತ್ತಿರುವುದು ಅದಕ್ಕಿಂತ ಎಪ್ಪತ್ತು ವರ್ಷ ಹಿಂದಿನ ಮಾತು. ನಡುವೆ ಇನ್ನೊಂದು ಕೊಂಡಿಯೂ ಇದೆ: ಸಿಡ್ನಿಗೆ ಹಡಗು ಹೊರಟ 1787ರಲ್ಲಿಯೇ ಈಸ್ಟ್ ಇಂಡಿಯಾ ಕಂಪನಿ ಭಾರತದ ಕೈದಿಗಳನ್ನು ಸುಮಾತ್ರಾದ ಬೆಂಕುಲೆನ್‌ಗೆ ಕಳಿಸಲು ಶುರುಮಾಡಿತ್ತು.

ಅಮೆರಿಕದಲ್ಲಿ ದಂಗೆಯೆದ್ದಾಗ ಕೈದಿಗಳ ಹಡಗು ನಿಂತಿತು. ನ್ಯಾಯಾಧೀಶರ ಬಾಯಿ ಮಾತ್ರ ನಿಲ್ಲಲಿಲ್ಲ. ಗಡಿಪಾರು ಎಂದು ತೀರ್ಪು ಕೊಡುತ್ತಲೇ ಹೋದರು. ಜೈಲುಗಳು ತುಂಬಿದವು. 1776ರಲ್ಲಿ ಸರ್ಕಾರ ಒಂದು ತಾತ್ಕಾಲಿಕ ಉಪಾಯ ಹೂಡಿತು. ಹಾಯಿಕಂಬ ಕಿತ್ತ ಮುದಿ ಹಡಗುಗಳನ್ನು ಥೇಮ್ಸ್ ನದಿಯಲ್ಲಿ ಲಂಗರು ಹಾಕಿ ನಿಲ್ಲಿಸಿ, ಕೈದಿಗಳನ್ನು ರಾತ್ರಿ ಅವುಗಳೊಳಗೆ ಕೂಡಿಹಾಕುವುದು, ಹಗಲು ದಡದಲ್ಲಿ ದುಡಿಸುವುದು. ತಾತ್ಕಾಲಿಕ ಎಂದು ಶುರುವಾದ ಸರ್ಕಾರಿ ಏರ್ಪಾಡುಗಳ ಆಯುಸ್ಸು ಎಷ್ಟೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ತೇಲುವ ಜೈಲುಗಳು ಎಂಬತ್ತು ವರ್ಷ ಬಾಳಿದವು.

ಹೊಸ ಜಾಗಕ್ಕಾಗಿ ಹುಡುಕಾಟ ನಡೆಯಿತು. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ನದಿಯ ಒಂದು ದ್ವೀಪ ಎಂದರು. ಅಲ್ಲಿಗೆ ಕಳಿಸುವುದೂ ಜ್ವರಕ್ಕೆ ಬಲಿ ಕೊಡುವುದೂ ಒಂದೇ ಎಂಬ ಆಕ್ಷೇಪ ಬಂತು. ಈಗಿನ ನಮೀಬಿಯಾದ ಕರಾವಳಿ ಎಂದರು. ನೋಡಲು ಹೋದ ಹಡಗು ಬರೀ ಮರಳು ಎಂದು ವರದಿ ತಂದಿತು. ಉಳಿದದ್ದು ಆಸ್ಟ್ರೇಲಿಯಾದ ಬಾಟನಿ ಬೇ. ಕ್ಯಾಪ್ಟನ್ ಕುಕ್ 1770ರ ಏಪ್ರಿಲ್ ಕೊನೆಯಲ್ಲಿ ಆ ಕೊಲ್ಲಿಯಲ್ಲಿ ಒಂದು ವಾರದಷ್ಟು ತಂಗಿದ್ದ. ಜೊತೆಯಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಒಂಬತ್ತು ವರ್ಷದ ಮೇಲೆ ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತು, ಜಾಗ ಚೆನ್ನಾಗಿದೆ, ಅಲ್ಲಿನ ಜನ ಕಡಿಮೆ ಎಂದ. ಮುಂಗಾರು ಮುಗಿದ ವಾರ ಹೊಲ ನೋಡಿ ಮೆಚ್ಚಿದವನ ಮಾತು ನಂಬಿ ಇನ್ನೊಬ್ಬ ಬೇಸಿಗೆಯಲ್ಲಿ ಉಳಲು ಹೋದಂತೆ ಆಯಿತು ಮುಂದಿನ ಕಥೆ. 1786ರ ಆಗಸ್ಟ್‌ನಲ್ಲಿ ತೀರ್ಮಾನವಾಯಿತು. ಗೃಹಮಂತ್ರಿಯಾಗಿದ್ದವನು ಲಾರ್ಡ್ ಸಿಡ್ನಿ. ಊರಿನ ಹೆಸರು ಎಲ್ಲಿಂದ ಬಂತೆಂದು ಇಲ್ಲೇ ತಿಳಿಯಿತಲ್ಲ.

ಬರೀ ಕೈದಿಗಳ ಕಾಟ ಕಳೆಯಲು ಇಷ್ಟು ದೂರ ಹೋದರೇ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಪೆಸಿಫಿಕ್‌ನಲ್ಲಿ ಫ್ರೆಂಚರಿಗಿಂತ ಮೊದಲು ಕಾಲೂರುವುದು, ನಾರ್ಫೋಕ್ ದ್ವೀಪದ ಪೈನ್ ಮರದಿಂದ ಹಾಯಿಕಂಬ ಮತ್ತು ಅಗಸೆಯಂಥ ಗಿಡದಿಂದ ಹಾಯಿಬಟ್ಟೆ ಪಡೆಯುವುದು, ಇವೂ ಲೆಕ್ಕದಲ್ಲಿದ್ದವು ಎನ್ನುವವರಿದ್ದಾರೆ. ಇದ್ದಿರಬಹುದು. ಆದರೆ ಜೈಲು ತುಂಬಿ ತುಳುಕದಿದ್ದರೆ ಆ ಲೆಕ್ಕಗಳು ಕಡತದಲ್ಲೇ ಮಲಗಿರುತ್ತಿದ್ದವು ಎಂಬುದು ನನ್ನ ಎಣಿಕೆ.

ಮುಖ್ಯಸ್ಥನಾಗಿ, ಎಂದರೆ ಗವರ್ನರನಾಗಿ, ಆರಿಸಿದ್ದು ಆರ್ಥರ್ ಫಿಲಿಪ್ ಎಂಬ ನೌಕಾದಳದ ಕ್ಯಾಪ್ಟನ್ನನನ್ನು. ವಯಸ್ಸು 48. ದೊಡ್ಡ ಹೆಸರಿನ ಮನುಷ್ಯನಲ್ಲ. ಆದರೆ ಹಡಗು ಹೊರಡುವ ಮುಂಚೆ ಅವನು ಬರೆದ ಪತ್ರಗಳನ್ನು ನೋಡಿದರೆ ಮದುವೆಮನೆಯ ಉಗ್ರಾಣಿಯ ನೆನಪಾಗುತ್ತದೆ. ಬಟ್ಟೆ ಸಾಲದು, ಔಷಧ ಸಾಲದು, ತರಕಾರಿ ಬೇಕು, ಕೈದಿಗಳನ್ನು ತೊಳೆಸದೆ ಹಡಗು ಹತ್ತಿಸಬೇಡಿ. ಇಷ್ಟು ಕಾಡಿದರೂ ಹೊರಟಾಗ ಹೆಂಗಸರ ಬಟ್ಟೆ ದಡದಲ್ಲೇ ಉಳಿಯಿತು, ಬಂದೂಕಿಗೆ ಬೇಕಾದಷ್ಟು ಗುಂಡುಗಳೂ ಇರಲಿಲ್ಲ. ಹೊಸಬರಿಗೆ ನನ್ನ ಒಂದು ಸಲಹೆ: ಈ ಕಥೆಯನ್ನು ಬೇಡಿ ಸಂಕೋಲೆಗಳ ಕಡೆಯಿಂದ ನೋಡಬೇಡಿ, ಉಗ್ರಾಣದ ಬಾಗಿಲಲ್ಲಿ ನಿಂತು ನೋಡಿ. ಆಗ ಎಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

1787ರ ಮೇ 13ರಂದು ಪೋರ್ಟ್ಸ್‌ಮತ್‌ನಿಂದ ಹನ್ನೊಂದು ಹಡಗು ಹೊರಟವು. ನೌಕಾದಳದವು ಎರಡು, ಸಿರಿಯಸ್ ಮತ್ತು ಸಪ್ಲೈ. ಕೈದಿಗಳಿಗೆ ಆರು: ಅಲೆಕ್ಸಾಂಡರ್, ಶಾರ್ಲಟ್, ಫ್ರೆಂಡ್‌ಶಿಪ್, ಲೇಡಿ ಪೆನ್ರಿನ್, ಪ್ರಿನ್ಸ್ ಆಫ್ ವೇಲ್ಸ್, ಸ್ಕಾರ್ಬರೋ. ಸಾಮಾನಿಗೆ ಮೂರು. ಎಲ್ಲ ಸೇರಿ 1,400ರಷ್ಟು ಜನ. ಅವರಲ್ಲಿ ಕೈದಿಗಳು ಅರ್ಧಕ್ಕಿಂತ ಹೆಚ್ಚು, ಕೈದಿಗಳಲ್ಲಿ ಹೆಂಗಸರು ನಾಲ್ಕರಲ್ಲೊಂದು ಪಾಲು. ಉಳಿದವರು ನಾವಿಕರು, ಕಾವಲಿನ ಮೆರೀನ್ ಸಿಪಾಯಿಗಳು, ಅವರ ಹೆಂಡಿರು ಮಕ್ಕಳು.

ಈ ಕೈದಿಗಳು ಯಾರು? ಕೊಲೆಗಡುಕರ ದಂಡು ಎಂದು ಹೆದರಬೇಡಿ. ರೊಟ್ಟಿ ಚೂರು ಕದ್ದ ಪಾಪದವರು ಎಂದು ಕಣ್ಣೀರು ಹಾಕುವುದೂ ಬೇಡ. ಬಹುಪಾಲು ಕಳ್ಳತನದವರು: ಬಟ್ಟೆ, ಗಡಿಯಾರ, ಕೋಳಿ, ಕುರಿ, ದಾರಿಯಲ್ಲಿ ಸುಲಿದ ಹಣ. ಕೆಲವರು ಹಳೆ ಕೈಗಳು, ಕೆಲವರು ಒಮ್ಮೆ ಎಡವಿದವರು. ಜಾನ್ ಹಡ್ಸನ್ ಎಂಬ ಹುಡುಗ ಹೊಗೆಗೂಡು ಗುಡಿಸುತ್ತಿದ್ದವನು. ಲಂಡನ್ನಿನ ಕೋರ್ಟು ಅವನಿಗೆ ಶಿಕ್ಷೆ ಕೊಟ್ಟಾಗ ಒಂಬತ್ತು ವರ್ಷ, ಹಡಗು ಹೊರಟಾಗ ಹದಿಮೂರು. ಹನ್ನೆರಡರಷ್ಟು ಕಪ್ಪು ಜನರೂ ಇದ್ದರು. ಒಂದು ಕೊರತೆ ಮಾತ್ರ ಯಾರ ಗಮನಕ್ಕೂ ಬಂದಂತಿಲ್ಲ: ಹೊಸ ನಾಡಿನಲ್ಲಿ ಬೆಳೆ ಬೆಳೆಯಬೇಕಾದ ಈ ಗುಂಪಿನಲ್ಲಿ ಬೇಸಾಯ ಬಲ್ಲವರು ಬೆರಳೆಣಿಕೆಯಷ್ಟು.

ಈಗ ಒಂದು ಭೂಪಟ ಮುಂದಿಟ್ಟುಕೊಳ್ಳಿ. ಪೋರ್ಟ್ಸ್‌ಮತ್‌ನಿಂದ ಪೆನ್ಸಿಲ್ ಗೆರೆ ಎಳೆಯಿರಿ. ಮೊದಲು ಕೆನರಿ ದ್ವೀಪಗಳ ಟೆನೆರೀಫ್. ಅಲ್ಲಿಂದ ಅಟ್ಲಾಂಟಿಕ್ ದಾಟಿ ಬ್ರೆಜಿಲ್‌ನ ರಿಯೊ. ಮತ್ತೆ ಅದೇ ಅಟ್ಲಾಂಟಿಕ್ ದಾಟಿ ಆಫ್ರಿಕಾದ ಕೊನೆಯ ಕೇಪ್ ಟೌನ್. ಅಲ್ಲಿಂದ ಆಸ್ಟ್ರೇಲಿಯಾ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತಾಯಿತಲ್ಲ ಎಂದು ಮಕ್ಕಳು ನಗುತ್ತಾರೆ. ಆಫ್ರಿಕಾದ ಪಕ್ಕದಲ್ಲೇ ನೇರ ಇಳಿಯಬಾರದಿತ್ತೇ?

ಹಾಯಿ ಹಡಗಿಗೆ ಹತ್ತಿರದ ದಾರಿ ಎಂದರೆ ಗಾಳಿ ಇರುವ ದಾರಿ. ಉತ್ತರ ಅಟ್ಲಾಂಟಿಕ್‌ನಲ್ಲಿ ವಾಣಿಜ್ಯ ಮಾರುತಗಳು ಈಶಾನ್ಯದಿಂದ ಬೀಸಿ ಹಡಗನ್ನು ನೈಋತ್ಯಕ್ಕೆ ತಳ್ಳುತ್ತವೆ. ಸಮಭಾಜಕ ರೇಖೆಯ ಹತ್ತಿರ ಗಾಳಿ ಸತ್ತಂತೆ ಬಿದ್ದಿರುತ್ತದೆ. ಅದನ್ನು ದಾಟಿದರೆ ಗಾಳಿ ಆಗ್ನೇಯದಿಂದ, ಎಂದರೆ ಆಫ್ರಿಕಾದ ದಡ ಹಿಡಿದು ದಕ್ಷಿಣಕ್ಕೆ ಹೋಗುವವನ ಮುಖಕ್ಕೇ, ಬೀಸುತ್ತದೆ. ಆದ್ದರಿಂದ ಜಾಣ ನಾವಿಕ ಬ್ರೆಜಿಲ್ ಕಡೆಗೆ ತೇಲಿ, ಇನ್ನೂ ಕೆಳಗಿಳಿದು, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ಹಿಡಿದು ಕೇಪ್ ಸೇರುತ್ತಾನೆ. ಕೇಪ್‌ನಿಂದ ಮುಂದೆ ದಕ್ಷಿಣದ 40 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಅದೇ ಪಶ್ಚಿಮದ ಗಾಳಿ ಆರ್ಭಟಿಸುತ್ತಾ ಅವನನ್ನು ಆಸ್ಟ್ರೇಲಿಯಾದತ್ತ ಒಯ್ಯುತ್ತದೆ. ಸುತ್ತು ದಾರಿಯಿಂದ ಇನ್ನೊಂದು ಲಾಭವೂ ಇತ್ತು. ಪ್ರತಿ ಬಂದರಿನಲ್ಲೂ ಉಗ್ರಾಣ ತುಂಬಿಕೊಳ್ಳಬಹುದು.

ರಿಯೊದಲ್ಲಿ ಒಂದು ತಿಂಗಳು ನಿಂತರು. ಫಿಲಿಪ್ ಹಿಂದೆ ಪೋರ್ಚುಗೀಸ್ ನೌಕಾದಳದಲ್ಲಿ ದುಡಿದಿದ್ದವನು, ಹಾಗಾಗಿ ಅಲ್ಲಿ ಮರ್ಯಾದೆ ಸಿಕ್ಕಿತು. ಕಿತ್ತಳೆ ಹಣ್ಣು ಅಗ್ಗ, ಕೈದಿಗಳಿಗೂ ಹಂಚಿದರು. ಬಂದೂಕಿನ ಗುಂಡು 10,000 ಕೊಂಡರು. ಮರಗೆಣಸಿನ ಹಿಟ್ಟಿನ ಮೂಟೆಗಳನ್ನು ಕೊಂಡಾಗ ಫಿಲಿಪ್ ಚೀಲದ ಬಟ್ಟೆಯನ್ನೂ ನೋಡಿಯೇ ಕೊಂಡ. ಗಟ್ಟಿ ಬಟ್ಟೆ, ಹಿಟ್ಟು ಮುಗಿದ ಮೇಲೆ ಕೈದಿಗಳ ಉಡುಪಿಗೆ ಆದೀತು ಎಂದು. ಥಾಮಸ್ ಬ್ಯಾರೆಟ್ ಎಂಬ ಕೈದಿ ಮತ್ತವನ ಜೊತೆಗಾರರು ಹಡಗಿನ ಒಳಗೇ ಬಕಲ್, ಗುಂಡಿ, ತವರದ ಚಮಚ ಕರಗಿಸಿ ಖೋಟಾ ನಾಣ್ಯ ಮಾಡಿ ರಿಯೊದ ವ್ಯಾಪಾರಿಗಳಿಗೆ ದಾಟಿಸಲು ನೋಡಿ ಸಿಕ್ಕಿಬಿದ್ದದ್ದೂ ಇಲ್ಲೇ. ಕಾವಲು ಇದ್ದ ಹಡಗಿನಲ್ಲಿ ಒಲೆ ಹಚ್ಚಿ ಲೋಹ ಕರಗಿಸಿದ್ದಾದರೂ ಹೇಗೆ ಎಂದು ಮುಖ್ಯ ವೈದ್ಯ ಜಾನ್ ವೈಟ್ ಬೆರಗಾಗಿ ಬರೆದಿಟ್ಟಿದ್ದಾನೆ.

ಪಯಣ ಸುಖವಾಗಿತ್ತು ಎಂದುಕೊಳ್ಳಬೇಡಿ. ಅಲೆಕ್ಸಾಂಡರ್ ಹಡಗಿನ ತಳದಲ್ಲಿ ನಿಂತ ಕೊಳಕು ನೀರಿನ ಆವಿಗೆ ಅಧಿಕಾರಿಗಳ ಕೋಟಿನ ಗುಂಡಿಗಳೇ ಕಪ್ಪಗಾಗಿದ್ದವು. ಬಾಗಿಲು ತೆರೆದರೆ ಮೇಲೆ ನಿಲ್ಲಲಾಗದ ನಾತ. ಆ ಕತ್ತಲಲ್ಲಿ ಇನ್ನೂರರಷ್ಟು ಗಂಡಸರು. ಆದರೂ ಎಂಟು ತಿಂಗಳ ದಾರಿಯಲ್ಲಿ ಸತ್ತವರು ಎಲ್ಲ ಹಡಗುಗಳಲ್ಲೂ ಸೇರಿ ಐವತ್ತರ ಆಸುಪಾಸು. ಆ ಕಾಲಕ್ಕೆ ಇದು ಪವಾಡ. ಕಾರಣ ತರಕಾರಿ, ತಾಜಾ ಮಾಂಸ, ಹಣ್ಣು, ಮತ್ತೆ ಮತ್ತೆ ಒಳಮಾಳಿಗೆ ತೊಳೆಸಿದ್ದು.

1788ರ ಜನವರಿ 18ರಿಂದ 20ರೊಳಗೆ ಎಲ್ಲರೂ ಬಾಟನಿ ಬೇ ತಲುಪಿದರು. ಬ್ಯಾಂಕ್ಸ್ ಹೊಗಳಿದ ಹುಲ್ಲುಗಾವಲು ಎಲ್ಲೂ ಕಾಣಲಿಲ್ಲ. ಕೊಲ್ಲಿಯಲ್ಲಿ ಆಳವಿಲ್ಲ, ಗಾಳಿಗೆ ಮರೆಯಿಲ್ಲ, ಸಿಹಿನೀರು ಸಾಲದು, ನೆಲ ಜೌಗು ಇಲ್ಲವೇ ಮರಳು. ಫಿಲಿಪ್ ಮೂರು ದೋಣಿ ತೆಗೆದುಕೊಂಡು ಉತ್ತರಕ್ಕೆ ಹೋಗಿ ನೋಡಿದ. ಕುಕ್ ಒಳಗೆ ಹೋಗದೆ ಹೆಸರನ್ನಷ್ಟೇ ಇಟ್ಟು ಮುಂದೆ ಸಾಗಿದ್ದ ಪೋರ್ಟ್ ಜಾಕ್ಸನ್ ಒಳಗೆ ಹೊಕ್ಕರೆ, ಸಾವಿರ ಹಡಗು ನಿಲ್ಲಬಹುದಾದ ಬಂದರು. ಒಂದು ಮೂಲೆಯಲ್ಲಿ ಸಣ್ಣ ತೊರೆ. ಆ ಮೂಲೆಗೆ ಅಲ್ಲಿನ ಗಡಿಗಲ್ ಜನ ವರಾನೆ ಎನ್ನುತ್ತಿದ್ದರು. ಫಿಲಿಪ್ ಸಿಡ್ನಿ ಎಂದ. ಅದೇ ಹೊತ್ತಿಗೆ ಲಾ ಪೆರೂಸ್ ಎಂಬ ಫ್ರೆಂಚ್ ನಾವಿಕನ ಎರಡು ಹಡಗುಗಳು ಬಾಟನಿ ಬೇಯ ಬಾಯಲ್ಲಿ ಕಾಣಿಸಿಕೊಂಡು ಎಲ್ಲರ ಎದೆ ಧಸಕ್ಕೆಂದಿತು. ಜನವರಿ 26ರಂದು ಸಿಡ್ನಿಯಲ್ಲಿ ಬಾವುಟ ಏರಿತು. ಆ ದಿನವನ್ನು ಇಂದು ಆಸ್ಟ್ರೇಲಿಯಾ ದಿನ ಎಂದು ಆಚರಿಸುವವರಿದ್ದಾರೆ, ಆಕ್ರಮಣದ ದಿನ ಎಂದು ದುಃಖಿಸುವವರಿದ್ದಾರೆ.

ಈ ಜೈಲಿಗೆ ಗೋಡೆ ಇರಲಿಲ್ಲ. ಹಿಂದೆ ಗೊತ್ತಿಲ್ಲದ ಕಾಡು, ಮುಂದೆ ಸಮುದ್ರ, ನಡುವೆ ಡೇರೆಗಳ ಊರು. ಕೈದಿಗಳು ಹಗಲೆಲ್ಲ ಮರ ಕಡಿಯುತ್ತಿದ್ದರು. ಅಲ್ಲಿನ ನೀಲಗಿರಿ ಜಾತಿಯ ಮರಗಳಿಗೆ ಇಂಗ್ಲೆಂಡಿನ ಕೊಡಲಿಗಳ ಬಾಯಿ ಮುರಿಯುತ್ತಿತ್ತು. ಎಲ್ಲರನ್ನೂ ಹಿಡಿದಿಟ್ಟದ್ದು ವಾರಕ್ಕೊಮ್ಮೆ ಸಿಗುತ್ತಿದ್ದ ಪಡಿ. ಓಡಿಹೋದವನಿಗೆ ಪಡಿ ಇಲ್ಲ. ಆದ್ದರಿಂದ ಉಗ್ರಾಣವೇ ಗೋಡೆ, ಉಗ್ರಾಣಕ್ಕೆ ಕೈಹಾಕುವುದೇ ಮಹಾಪಾಪ. ರಿಯೊದ ನಾಣ್ಯದ ಬ್ಯಾರೆಟ್ ನೆನಪಿದ್ದಾನಲ್ಲ? ಇಳಿದು ಒಂದು ತಿಂಗಳು ಒಂದು ದಿನಕ್ಕೆ, ಫೆಬ್ರವರಿ 27ರಂದು, ಆಹಾರ ಕದ್ದದ್ದಕ್ಕೆ ಅವನನ್ನು ಮರಕ್ಕೆ ನೇತುಹಾಕಿದರು. ಹೊಸ ನಾಡಿನ ಮೊದಲ ನೇಣು ಅದು. ನೇಣು ಹಾಕುವ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಹಿಟ್ಟು ಕದ್ದು ಮರಣದಂಡನೆಗೆ ಗುರಿಯಾಗಿದ್ದ ಜೇಮ್ಸ್ ಫ್ರೀಮನ್ ಎಂಬವನಿಗೆ ಆ ಕೆಲಸ ಒಪ್ಪಿದರೆ ಜೀವ ಉಳಿಸುತ್ತೇವೆ ಎಂದರು. ಒಪ್ಪಿದ.

ಮರುವರ್ಷ ಮಾರ್ಚ್‌ನಲ್ಲಿ ಉಗ್ರಾಣಕ್ಕೆ ನಕಲಿ ಕೀಲಿ ಮಾಡಿಸಿ ತಿಂಗಳುಗಟ್ಟಲೆ ಕದಿಯುತ್ತಿದ್ದ ಆರು ಜನ ನೇಣಿಗೇರಿದರು. ಆರೂ ಜನ ಕಾವಲಿನ ಸಿಪಾಯಿಗಳು! ಆಮೇಲೆ ರಾತ್ರಿ ಗಸ್ತಿಗೆ ಹನ್ನೆರಡು ಜನರ ಪಡೆ ಕಟ್ಟಿದರು. ಅವರೆಲ್ಲ ಕೈದಿಗಳು. ಈ ಅದಲುಬದಲು ಅರ್ಥವಾದರೆ ಆ ಊರು ಅರ್ಥವಾದಂತೆ.

ಇಲ್ಲಿ ಸ್ವಲ್ಪ ನಿಂತು ಒಂದು ಸಂಸಾರದ ಕಥೆ ಹೇಳಬೇಕು. ಇದನ್ನು ಹೇಳದೆ ನಾನು ಈ ಪಾಠ ಮುಗಿಸಿದ್ದೇ ಇಲ್ಲ. ಹೆನ್ರಿ ಕೇಬಲ್ ಎಂಬ ಯುವಕ ಮನೆಗಳ್ಳತನದಲ್ಲಿ ಸಿಕ್ಕಿಬಿದ್ದಿದ್ದ. ಜೊತೆಗಿದ್ದ ಅಪ್ಪನಿಗೆ ನೇಣಾಯಿತು, ಇವನದು ಚಿಕ್ಕ ವಯಸ್ಸೆಂದು ನೇಣು ತಪ್ಪಿ ಗಡಿಪಾರಾಯಿತು. ನಾರಿಚ್ ಕೋಟೆಯ ಜೈಲಿನಲ್ಲಿ ಸುಸಾನಾ ಹೋಮ್ಸ್ ಎಂಬ ಕೈದಿಯ ಪರಿಚಯವಾಗಿ ಅವರಿಗೊಂದು ಗಂಡುಮಗು ಹುಟ್ಟಿತು. ಮದುವೆಗೆ ಅನುಮತಿ ಸಿಗಲಿಲ್ಲ. ಸುಸಾನಾಳನ್ನು ಬಾಟನಿ ಬೇಗೆ ಕಳಿಸಲು ಪ್ಲಿಮತ್ ಬಂದರಿಗೆ ಕರೆತಂದಾಗ ಅಲ್ಲಿನ ಮುದಿ ಹಡಗಿನ ಕ್ಯಾಪ್ಟನ್, ತಾಯಿಯ ಹೆಸರು ಪಟ್ಟಿಯಲ್ಲಿದೆ, ಮಗುವಿನ ಹೆಸರಿಲ್ಲ ಎಂದ. ತಾಯಿಯ ಕೈಯಿಂದ ಕೂಸನ್ನು ಬೇರೆ ಮಾಡಿದರು. ಕರೆತಂದಿದ್ದ ಜೈಲು ಕಾವಲುಗಾರ ಜಾನ್ ಸಿಂಪ್ಸನ್ ಕೂಸನ್ನು ಮಡಿಲಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ತಾನೇ ಉಣಿಸುತ್ತಾ, ಕುದುರೆಗಾಡಿಯಲ್ಲಿ ನೇರ ಲಂಡನ್ನಿಗೆ ಹೋದ. ಲಾರ್ಡ್ ಸಿಡ್ನಿಯ ಕಚೇರಿಯಲ್ಲಿ ಒಳಗೆ ಬಿಡಲಿಲ್ಲ. ಮಂತ್ರಿ ಮೆಟ್ಟಿಲಿಳಿದು ಬರುವಾಗ ಅಡ್ಡನಿಂತು ಕಥೆ ಹೇಳಿದ. ಸಿಡ್ನಿಯ ಮನಸ್ಸು ಕರಗಿ, ತಾಯಿ ಮಗು ಒಂದಾಗಲಿ, ತಂದೆಯನ್ನೂ ಜೊತೆಗೆ ಕಳಿಸಿ ಎಂದು ಹುಕುಂ ಆಯಿತು. ಸುದ್ದಿ ಪತ್ರಿಕೆಯಲ್ಲಿ ಬಂದು, ದಯಾಳುಗಳು 20 ಪೌಂಡ್ ಕೂಡಿಸಿ, ಬಟ್ಟೆಬರೆ ಕೊಂಡು, ಗಂಟು ಕಟ್ಟಿ ಹಡಗಿಗೆ ಹಾಕಿಸಿದರು.

ಸಿಡ್ನಿಯಲ್ಲಿ ಇಳಿದ ಹೊಸದರಲ್ಲೇ, ಫೆಬ್ರವರಿ 10ರಂದು, ಹಲವು ಜೋಡಿಗಳ ಜೊತೆ ಇವರ ಮದುವೆಯೂ ಆಯಿತು. ಗಂಟು ಮಾತ್ರ ಬರಲಿಲ್ಲ. ಅಲೆಕ್ಸಾಂಡರ್ ಹಡಗಿನ ಮಾಸ್ಟರ್ ಡಂಕನ್ ಸಿಂಕ್ಲೇರ್ ಮೇಲೆ ಕೇಬಲ್ ದಂಪತಿ ದಾವೆ ಹೂಡಿದರು. ಈಗ ಕಾನೂನು ಕೇಳಿ: ಇಂಗ್ಲೆಂಡಿನಲ್ಲಿ ಮರಣದಂಡನೆಗೆ ಗುರಿಯಾದವನು ಕಾನೂನಿನ ಕಣ್ಣಿಗೆ ಸತ್ತವನೇ. ಅವನು ಆಸ್ತಿ ಇಟ್ಟುಕೊಳ್ಳುವಂತಿಲ್ಲ, ದಾವೆ ಹೂಡುವಂತಿಲ್ಲ. ಸಿಡ್ನಿಯ ಕೋರ್ಟು ಆ ಪ್ರಶ್ನೆಯನ್ನು ಮೈಮೇಲೆ ಎಳೆದುಕೊಳ್ಳಲೇ ಇಲ್ಲ. 1788ರ ಜುಲೈನಲ್ಲಿ 15 ಪೌಂಡ್ ಪರಿಹಾರ ಕೊಡು ಎಂದು ಹಡಗಿನ ಒಡೆಯನಂತಿದ್ದ ಮನುಷ್ಯನಿಗೇ ತೀರ್ಪಾಯಿತು. ಆ ನೆಲದ ಮೊದಲ ಸಿವಿಲ್ ದಾವೆ ಇದು. ಹೂಡಿದವರು ಕೈದಿಗಳು, ಗೆದ್ದವರು ಕೈದಿಗಳು. ಕೇಬಲ್ ಮುಂದೆ ಅಲ್ಲಿನ ಮುಖ್ಯ ಕಾನ್‌ಸ್ಟೆಬಲ್ ಆದ, ವ್ಯಾಪಾರಿಯಾದ.

ಕಾಗದಪತ್ರದ ಇನ್ನೊಂದು ಮುಖವೂ ಇದೆ. ಯಾವ ಕೈದಿಗೆ ಯಾವಾಗ ಶಿಕ್ಷೆಯಾಯಿತು, ಎಂದಿಗೆ ಮುಗಿಯುತ್ತದೆ ಎಂಬ ದಾಖಲೆಗಳನ್ನು ಲಂಡನ್ನಿನವರು ಹಡಗಿಗೆ ಹಾಕಲೇ ಮರೆತಿದ್ದರು. 1789ರ ಹೊತ್ತಿಗೆ ಕೆಲವರು, ನಮ್ಮ ಏಳು ವರ್ಷ ಮುಗಿದಿದೆ ಸ್ವಾಮಿ, ಎಂದು ಬಂದು ನಿಂತರು. ಶಿಕ್ಷೆ ಶುರುವಾದದ್ದು ಹಡಗು ಹತ್ತಿದ ದಿನದಿಂದಲ್ಲ, ತೀರ್ಪಿನ ದಿನದಿಂದ. ಅವರ ಲೆಕ್ಕ ಸರಿಯಿದ್ದಿರಬಹುದು. ತೋರಿಸಲು ಚೀಟಿ ಇಲ್ಲ. ಪತ್ರ ಬರೆದು ಉತ್ತರ ಬರಲು ಒಂದೂವರೆ ಎರಡು ವರ್ಷ. ಕಾಯಿರಿ, ದುಡಿಯಿರಿ, ಎಂದ ಫಿಲಿಪ್.

ಕಾಯುವ ಕೆಲಸ ಎಲ್ಲರದೂ ಆಗಿತ್ತು. ಮೊದಲ ಬೆಳೆ ಕೈಕೊಟ್ಟಿತು. ಕೇಪ್‌ನಿಂದ ತಂದಿದ್ದ ಹೋರಿ ಹಸುಗಳು ಕಾಯುವವನ ಕಣ್ಣು ತಪ್ಪಿಸಿ ಕಾಡು ಸೇರಿದವು. ಸಿರಿಯಸ್ ಕೇಪ್‌ಗೆ ಹೋಗಿ ಹಿಟ್ಟು ತಂದದ್ದು ಕೆಲವು ತಿಂಗಳಿಗೆ ಸಾಕಾಯಿತು. ಇಂಗ್ಲೆಂಡಿನಿಂದ ಹೊರಟ ಗಾರ್ಡಿಯನ್ ಎಂಬ ಸಾಮಾನಿನ ಹಡಗು 1789ರ ಡಿಸೆಂಬರ್‌ನಲ್ಲಿ ಹಿಮಬಂಡೆಗೆ ಬಡಿದು, ಮುಳುಗದಿರಲೆಂದು ಬಹುಪಾಲು ಸಾಮಾನನ್ನು ಸಮುದ್ರಕ್ಕೆಸೆದು, ತೆವಳುತ್ತಾ ಕೇಪ್ ಸೇರಿತು. 1790ರ ಮಾರ್ಚ್‌ನಲ್ಲಿ ಸಿರಿಯಸ್ ಹಡಗೂ ನಾರ್ಫೋಕ್ ದ್ವೀಪದ ಬಂಡೆಗೆ ಸಿಕ್ಕಿ ಒಡೆಯಿತು. ಏಪ್ರಿಲ್‌ನಲ್ಲಿ ವಾರದ ಪಡಿ ಎರಡೂವರೆ ಪೌಂಡ್ ಹಿಟ್ಟು, ಎರಡು ಪೌಂಡ್ ಅಕ್ಕಿ, ಎರಡು ಪೌಂಡ್ ಹಂದಿಮಾಂಸಕ್ಕೆ ಇಳಿಯಿತು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತ ಚೂರು ಕಡಿಮೆ. ಮಾಂಸ ಉಪ್ಪಿಗೆ ಬಿದ್ದು ಮೂರು ನಾಲ್ಕು ವರ್ಷವಾಗಿತ್ತು, ಅಕ್ಕಿಯ ತುಂಬ ಹುಳು. ಗವರ್ನರನಿಗೂ ಅದೇ ಪಡಿ. ಫಿಲಿಪ್ ತನ್ನ ಸ್ವಂತದ ಹಿಟ್ಟನ್ನೂ ಉಗ್ರಾಣಕ್ಕೆ ಸೇರಿಸಿದ. ಅವನ ಮನೆಗೆ ಊಟಕ್ಕೆ ಕರೆದರೆ ಅಧಿಕಾರಿಗಳು ತಮ್ಮ ರೊಟ್ಟಿ ತಾವೇ ತರಬೇಕಿತ್ತು. ಕೈದಿಗೂ ಸಿಪಾಯಿಗೂ ಸಮಪಾಲೇ ಎಂದು ಮೆರೀನ್ ಅಧಿಕಾರಿಗಳು ಕುದಿಯುತ್ತಿದ್ದರು. ಆ ಒಂದು ಹಟಕ್ಕಾಗಿ ನನಗೆ ಫಿಲಿಪ್ ಮೇಲೆ ಗೌರವ.

ಜೂನ್‌ನಲ್ಲಿ ಕೊನೆಗೂ ಹಡಗುಗಳು ಕಂಡವು. ಎರಡನೆಯ ಪಡೆ ಎಂದು ಕರೆಯುವ ಅದರ ಕಥೆ ಬೇರೆ. ಗುತ್ತಿಗೆ ಹಿಡಿದವರು ಗುಲಾಮರ ವ್ಯಾಪಾರದಲ್ಲಿ ಪಳಗಿದ ಲಂಡನ್ನಿನ ಒಂದು ಸಂಸ್ಥೆ. ಹಣ ಸಿಗುವುದು ಹಡಗು ಹತ್ತಿದ ತಲೆಗೆ ಇಷ್ಟೆಂದು. ಇಳಿದವರೆಷ್ಟು ಎಂದು ಕೇಳುವವರಿಲ್ಲ. ಕೈದಿ ಸತ್ತರೆ ಅವನ ಪಡಿ ಉಳಿತಾಯ. ಸುಮಾರು 1,000 ಜನರಲ್ಲಿ ನಾಲ್ಕನೆಯ ಒಂದು ಪಾಲು ದಾರಿಯಲ್ಲೇ ಸತ್ತರು, ಬದುಕಿದವರನ್ನು ಮೂಟೆಯಂತೆ ಎತ್ತಿ ಇಳಿಸಿದರು. ಮೊದಲ ಪಡೆಯ ಲೆಕ್ಕದ ಪಕ್ಕ ಇದನ್ನಿಟ್ಟು ನೋಡಿ. ಸಮುದ್ರ ಅದೇ, ದಾರಿ ಅದೇ. ಕರಾರಿನ ಒಂದು ಸಾಲು ಬೇರೆ. ಜೀವಂತ ಇಳಿಸಿದ ಮೇಲೆಯೇ ಹಣದ ಒಂದು ಭಾಗ ಎಂಬ ಷರತ್ತು ಆಮೇಲೆ ಬಂತು, ಸಾವು ಇಳಿಯಿತು.

ತಪ್ಪಿಸಿಕೊಳ್ಳಲು ನೋಡಿದವರಿಲ್ಲವೇ? ಇದ್ದರು. 1791ರ ನವೆಂಬರ್‌ನಲ್ಲಿ ಐರ್ಲೆಂಡಿನಿಂದ ಹೊಸದಾಗಿ ಬಂದ ಇಪ್ಪತ್ತು ಗಂಡಸರು ಮತ್ತು ಒಬ್ಬ ಬಸುರಿ ಹೆಂಗಸು, ಕಾಡಿನ ಆಚೆ ಚೀನಾ ಇದೆ ಎಂದು ನಂಬಿ ನಡೆದು ಹೊರಟರು. ದಿಕ್ಕುಗೆಟ್ಟು ಹಸಿದು ಬಿದ್ದವರನ್ನು ಹುಡುಕಿ ತಂದರು. ಅದೇ ವರ್ಷ ಮಾರ್ಚ್‌ನಲ್ಲಿ ಮೇರಿ ಬ್ರಯಂಟ್ ಎಂಬಾಕೆ ಗಂಡ ವಿಲಿಯಂ, ಇಬ್ಬರು ಕೂಸುಗಳು, ಇನ್ನೂ ಏಳು ಕೈದಿಗಳ ಜೊತೆ ಗವರ್ನರನ ದೋಣಿಯನ್ನೇ ಕದ್ದು ಹೊರಟಳು. ವಿಲಿಯಂ ಮೀನುಗಾರ, ಗಾಳಿ ನೀರು ಬಲ್ಲವನು. ತೆರೆದ ದೋಣಿಯಲ್ಲಿ ಎರಡು ತಿಂಗಳಿಗೂ ಮೀರಿ, 5,000 ಕಿಲೋಮೀಟರ್‌ನಷ್ಟು ದೂರ, ತಿಮೋರ್ ದ್ವೀಪ ತಲುಪಿದರು, ಒಬ್ಬರೂ ಸಾಯದೆ. ಅಲ್ಲಿ ಗುಟ್ಟು ಬಯಲಾಗಿ ಸಿಕ್ಕಿಬಿದ್ದರು. ಇಂಗ್ಲೆಂಡಿಗೆ ಮರಳುವಷ್ಟರಲ್ಲಿ ಗಂಡನೂ ಎರಡೂ ಮಕ್ಕಳೂ ತೀರಿಹೋಗಿದ್ದರು. ಸಾಹಿತಿ ಜೇಮ್ಸ್ ಬಾಸ್ವೆಲ್ ಅವಳ ಪರ ಓಡಾಡಿದ. 1793ರಲ್ಲಿ ಕ್ಷಮಾದಾನ ಸಿಕ್ಕಿತು.

ಕಾಡು ಸೇರಿದ ದನಗಳು? 1795ರಲ್ಲಿ ಸಿಡ್ನಿಯ ನೈಋತ್ಯಕ್ಕೆ, ನದಿಯ ಆಚೆಯ ಹುಲ್ಲುಗಾವಲಿನಲ್ಲಿ ಪತ್ತೆಯಾದವು. ಅಷ್ಟರಲ್ಲಿ ಅರವತ್ತರಷ್ಟಾಗಿದ್ದವು. ಹಸಿವಿನಿಂದ ಊರು ಸಾಯುತ್ತಿದ್ದಾಗ ಎರಡು ಮೂರು ದಿನದ ನಡಿಗೆಯಲ್ಲಿ ಅವು ಹಾಯಾಗಿ ಮೇಯುತ್ತಿದ್ದವು.

ಹಾಗಾದರೆ ಆ ಹಸಿವಿನ ಕಾಲದಲ್ಲಿ ಅಲ್ಲಿನ ಮೂಲ ಜನ ಏನು ಮಾಡುತ್ತಿದ್ದರು ಎಂದು ನೀವು ಕೇಳಬೇಕು. ಕೇಳದಿದ್ದರೆ ಬ್ಯಾಂಕ್ಸ್ ಮಾಡಿದ ತಪ್ಪನ್ನೇ ನೀವೂ ಮಾಡಿದಂತೆ. ಈಯೋರಾ ಎಂದು ಕರೆಯುವ ಆ ಜನ ಸಾವಿರಾರು ವರ್ಷಗಳಿಂದ ಆ ದಡದಲ್ಲಿದ್ದರು. ಹೆಂಗಸರು ನವಿ ಎಂಬ ತೊಗಟೆಯ ಪುಟ್ಟ ದೋಣಿಯಲ್ಲಿ ಕೂತು, ಚಿಪ್ಪಿನಿಂದ ಮಾಡಿದ ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಿದ್ದರು. ಬಂದವರ ದೊಡ್ಡ ಬಲೆಗಳು ಅದೇ ಮೀನನ್ನು ರಾಶಿರಾಶಿಯಾಗಿ ಎಳೆದವು. ಒಂದು ಕಡೆಯವರ ಉಗ್ರಾಣ ತುಂಬಲು ಇನ್ನೊಂದು ಕಡೆಯವರ ಉಗ್ರಾಣ ಬರಿದಾಯಿತು. 1789ರ ಏಪ್ರಿಲ್‌ನಲ್ಲಿ ಸಿಡುಬು ಬಂತು. ಕೊಲ್ಲಿಯ ಗುಹೆಗಳಲ್ಲಿ ಹೆಣಗಳು. ಸುತ್ತಲಿನ ಜನರಲ್ಲಿ ಅರ್ಧದಷ್ಟು ಅಳಿದರು. ಮಾತು ಕಲಿಯಲೆಂದು ಫಿಲಿಪ್ ಹಿಡಿಸಿ ತಂದಿದ್ದ ಅರಬಾನೂ ಎಂಬವನೂ ಅದರಲ್ಲೇ ಹೋದ. ಆಮೇಲೆ ಬೆನೆಲಾಂಗ್ ಎಂಬವನನ್ನು ಹಿಡಿಸಿದ. ಅವನು ತಪ್ಪಿಸಿಕೊಂಡು, ಆಮೇಲೆ ಗೆಳೆಯನಾಗಿಯೇ ಬಂದು, 1792ರಲ್ಲಿ ಫಿಲಿಪ್ ಜೊತೆ ಇಂಗ್ಲೆಂಡಿಗೂ ಹೋದ.

ಮುಂದಿನದನ್ನು ಬೇಗ ಹೇಳುತ್ತೇನೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ಗೆ ಕೈದಿಗಳನ್ನು ಕಳಿಸುವುದು 1840ರಲ್ಲಿ ನಿಂತಿತು. ಆಸ್ಟ್ರೇಲಿಯಾದ ಬೇರೆ ಭಾಗಗಳಿಗೆ 1868ರವರೆಗೂ ನಡೆಯಿತು. ಒಟ್ಟು 1,62,000ದಷ್ಟು ಜನ. ನಡತೆ ಚೆನ್ನಾಗಿದ್ದವರಿಗೆ ಟಿಕೆಟ್ ಆಫ್ ಲೀವ್ ಎಂಬ ಚೀಟಿ ಸಿಗುತ್ತಿತ್ತು, ಅದಿದ್ದರೆ ಸ್ವಂತ ದುಡಿಮೆ ಮಾಡಿಕೊಳ್ಳಬಹುದು. ಶಿಕ್ಷೆ ಮುಗಿದವರಿಗೆ ಜಮೀನೂ ಸಿಕ್ಕಿತು. ಅದರಲ್ಲಿ ಮೊದಲಿಗ ಜೇಮ್ಸ್ ರೂಸ್, ಬೇಸಾಯ ಬಲ್ಲ ಆ ಬೆರಳೆಣಿಕೆಯವರಲ್ಲಿ ಒಬ್ಬ. ತನ್ನ ಹೊಲದ ಬೆಳೆಯಲ್ಲೇ ಬದುಕಿ ತೋರಿಸಿದ. 1810ರಲ್ಲಿ ಗವರ್ನರ್ ಆಗಿ ಬಂದ ಲಾಕ್ಲನ್ ಮಕ್ವಾರಿ ಬಿಡುಗಡೆಯಾದ ಕೈದಿಗಳನ್ನು ತನ್ನ ಊಟದ ಮೇಜಿಗೆ ಕರೆದು ದೊಡ್ಡವರ ಕೋಪಕ್ಕೆ ಗುರಿಯಾದ. ಈ ಮಕ್ವಾರಿ ನಮಗೆ ಪರಕೀಯನಲ್ಲ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮುತ್ತಿದ ಸೇನೆಯಲ್ಲಿ ಇವನೂ ಇದ್ದ. ಕೊಚ್ಚಿಯಲ್ಲಿ ಗುಲಾಮನಾಗಿ ಕೊಂಡ ಹುಡುಗ ಜಾರ್ಜ್ ಜಾರ್ವಿಸ್ ಸೇವಕನಾಗಿ ಅವನ ಜೊತೆ ಸಿಡ್ನಿಗೂ ಹೋದ. ಮಕ್ವಾರಿ ಕಟ್ಟಿಸಿದ ಕಟ್ಟಡಗಳ ಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇ ಖೋಟಾ ದಾಖಲೆ ಸೃಷ್ಟಿಸಿ ಶಿಕ್ಷೆಗೊಳಗಾದವನು. 1966ರಲ್ಲಿ ಆಸ್ಟ್ರೇಲಿಯಾ ತನ್ನ ಹೊಸ ಹತ್ತು ಡಾಲರ್ ನೋಟು ಅಚ್ಚು ಹಾಕಿದಾಗ ಅದರ ಮೇಲೆ ಅವನ ಚಿತ್ರ ಹಾಕಿತು. ಖೋಟಾಗಾರನ ಮುಖವನ್ನು ನೋಟಿನ ಮೇಲೆ ಹಾಕಿದ ಆ ದೇಶದ ಹಾಸ್ಯಪ್ರಜ್ಞೆಗೆ ಶರಣು.

ಇನ್ನೊಬ್ಬನ ವಿಷಯ ಹೇಳಿ ಬಿಡುತ್ತೇನೆ. ಮೊದಲ ಪಡೆಯಲ್ಲಿ ವಿಲಿಯಂ ಡಾಸ್ ಎಂಬ ಎಳೆಯ ಮೆರೀನ್ ಅಧಿಕಾರಿ ಇದ್ದ, ನಕ್ಷತ್ರ ನೋಡುವ ಹುಚ್ಚಿನವನು. ಊರಿನಿಂದ ದೂರ, ಕಡಲಿಗೆ ಚಾಚಿದ ಬಂಡೆಯ ಮೇಲೆ ಒಂದು ವೀಕ್ಷಣಾಲಯ ಕಟ್ಟಿಕೊಂಡಿದ್ದ. ಅಲ್ಲಿಗೆ ಬರುತ್ತಿದ್ದ ಪಟ್ಯೆಗರಾಂಗ್ ಎಂಬ ಹರೆಯದ ಹುಡುಗಿ ಅವನಿಗೆ ತನ್ನ ಮಾತು ಕಲಿಸಿದಳು. ಅವನು ಪುಟ್ಟ ನೋಟ್‌ಪುಸ್ತಕಗಳಲ್ಲಿ ಬರೆದುಕೊಂಡ. ಬೆಂಕಿಯಲ್ಲಿ ಕೈ ಕಾಯಿಸಿಕೊಂಡು ಇನ್ನೊಬ್ಬರ ಬೆರಳನ್ನು ಮೆಲ್ಲಗೆ ಒತ್ತುವುದಕ್ಕೆ ಅವರ ಭಾಷೆಯಲ್ಲಿ ಒಂದೇ ಒಂದು ಪದ ಇತ್ತು. ನಿಮ್ಮ ಜನ ನಮ್ಮ ಮೇಲೆ ಏಕೆ ಸಿಟ್ಟಾಗಿದ್ದಾರೆ ಎಂದು ಅವನು ಒಮ್ಮೆ ಕೇಳಿದ. ನೀವು ಇಲ್ಲಿ ನೆಲೆಯೂರಿದ್ದಕ್ಕೆ, ಎಂದಳು. ಏಕೆ ಹೆದರುತ್ತಾರೆ ಎಂದಾಗ, ಬಂದೂಕಿಗೆ, ಎಂದಳು. ಎರಡನ್ನೂ ಅವಳ ಭಾಷೆಯಲ್ಲೂ ತನ್ನ ಭಾಷೆಯಲ್ಲೂ ಅವನು ಬರೆದುಕೊಂಡ. 1790ರ ಕೊನೆಗೆ, ಗವರ್ನರನ ಬೇಟೆಗಾರನಿಗೆ ಈಟಿ ಬಿದ್ದ ಸೇಡಿಗೆ ಮೂಲ ಜನರನ್ನು ಹಿಡಿದು ಕೊಂದು ತರಲು ದಂಡು ಹೊರಟಾಗ ಡಾಸ್ ಮೊದಲು ಬರುವುದಿಲ್ಲ ಎಂದ, ಆಮೇಲೆ ಹೋದ, ಹೋದದ್ದು ತಪ್ಪಾಯಿತೆಂದು ಬಹಿರಂಗವಾಗಿ ಹೇಳಿದ. ಆ ಮಾತನ್ನು ಹಿಂತೆಗೆದುಕೊಳ್ಳಲು ಒಪ್ಪಲಿಲ್ಲ. ಅಲ್ಲೇ ಉಳಿಯುವ ಆಸೆಯಿತ್ತು. 1791ರ ಡಿಸೆಂಬರ್‌ನಲ್ಲಿ ಹಡಗು ಹತ್ತಬೇಕಾಯಿತು. ನೋಟ್‌ಪುಸ್ತಕಗಳು ಈಗ ಲಂಡನ್ನಿನ ಒಂದು ಗ್ರಂಥಾಲಯದಲ್ಲಿವೆ. ಆ ಭಾಷೆಯನ್ನು ಮರಳಿ ಕಲಿಯಲು ಹೊರಟಿರುವ ಇಂದಿನ ಸಿಡ್ನಿಯ ಮೂಲ ಜನ ಅವನ್ನು ತೆರೆದು, ಪಟ್ಯೆಗರಾಂಗ್ ಹೇಳಿಕೊಟ್ಟ ಪದಗಳನ್ನು ಒಂದೊಂದಾಗಿ ಓದುತ್ತಿದ್ದಾರೆ.